ಭೂಗೋಳ ಬಳಗದ ಪ್ರವೇಶ ಪರೀಕ್ಷೆ

ದಾವಣಗೆರೆಯ ಆನ್‌ಲೈನ್ ಭೂಗೋಳ ಬಳಗಕ್ಕೆ ಸೇರಬೇಕಾದರೆ ಅಡ್ಮಿನ್ ಗುರುಬಸಪ್ಪನವರು ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸಲೇಬೇಕು. ಈವರೆಗೆ ಹನ್ನೊಂದು ಜನ ನಪಾಸಾಗಿದ್ದರು.

"ಮಂಗೋಲಿಯಾದ ರಾಜಧಾನಿ?" ಎಂದು ಹೊಸಬನನ್ನು ಗದರಿಸಿಯೇ ಕೇಳಿದರು.

"ಉಲಾನ್‌ಬಾತರ್ ಸಾರ್."

"ಟಿಟಿಕಾಕಾ ಸರೋವರ?"

"ಪೆರು, ಬೊಲಿವಿಯಾ ಗಡೀಲಿ."

ಗುರುಬಸಪ್ಪನವರಿಗೆ ಕಣ್ಣು ತುಂಬಿ ಬಂತು. "ಭೇಷ್! ಇಂಥವನಿಗೇ ಕಾಯ್ತಿದ್ದೆ. ಈಗ ಎಲ್ಲಿದೀಯಪ್ಪಾ?"

"ಅದೇ ಗೊತ್ತಾಗ್ತಿಲ್ಲ ಸಾರ್. ನೆಂಟರ ಮನೆ ಹುಡುಕ್ತಾ ಒಂದು ಗಂಟೆಯಿಂದ ಇದೇ ಬೀದಿ ಸುತ್ತುತಿದೀನಿ. ಬಳಗಕ್ಕೆ ಸೇರಿದ್ರೆ ಯಾರಾದ್ರೂ ದಾರಿ ಹೇಳ್ತಾರೆ ಅಂತ..."

"ಎದುರಿಗೆ ಏನು ಕಾಣ್ತದೆ, ಹೇಳು!" ಗುರುಬಸಪ್ಪನವರು ಜಗುಲಿಯ ಮೇಲೆ ಎದ್ದು ನಿಂತು ಕೂಗಿದರು.

"ಹಸಿರು ಗೇಟಿನ ಮನೆ ಸಾರ್. ಜಗುಲಿ ಮೇಲೆ ಒಬ್ಬರು ಅಜ್ಜ ಫೋನಲ್ಲಿ ಕಿರುಚಾಡ್ತಿದಾರೆ. ಕೇಳೋಣ ಅಂದ್ರೆ, ಪಾಪ, ಅವರಿಗೇನು ಗೊತ್ತಿರುತ್ತೆ ಬಿಡಿ."