ಅರ್ಧ ಮದ್ದು

ಅಪ್ಪ ಹೋದ ಮೇಲೆ ಬಂದ ಮೊದಲ ದೀಪಾವಳಿಯಿದು. ಪಕ್ಕದ ಮನೆಯ ಪಟಾಕಿಯ ವಾಸನೆಗೆ ಹಂಸಭಾವಿಯ ಹೊಲದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಕುರಿಗಳ ಸುತ್ತ ತೋಳವೊಂದು ಸುಳಿಯುತ್ತಿತ್ತು. ಅದನ್ನು ಬೆದರಿಸಲು ಅಪ್ಪ ಹಳೆಯ ಬಂದೂಕಿನ ನಳಿಗೆಗೆ ಮದ್ದು ತುಂಬುತ್ತಿದ್ದ. ಎಂದಿನ ಅರ್ಧದಷ್ಟೇ ಸುರಿದ, ಗುಂಡು ಹಾಕಲಿಲ್ಲ.

"ಇಷ್ಟ ಮದ್ದಿಗೆ ತೋಳ ಹೆದರೂದಿಲ್ರಿ, ನಗತೈತಿ," ಎಂದಳು ಅವ್ವ.

"ನಗಲಿ ಬಿಡು. ದೊಡ್ಡ ಸಪ್ಪಳಕ್ಕ ಗಬ್ಬದ ಕುರಿ ಬೆದರಿದ್ರ ಮರಿ ಹೊಟ್ಟ್ಯಾಗ ಸಾಯ್ತಾವ."

ಬಂದೂಕು ಮುದುಕನಂತೆ ಕೆಮ್ಮಿತು. ತೋಳ ಒಂದು ಗಳಿಗೆ ನಮ್ಮನ್ನೇ ನೋಡಿ, ಗೋವಿನಜೋಳದೊಳಗೆ ಓಡಿಹೋಯಿತು. ಕುರಿಗಳು ತಲೆಯೆತ್ತಿ, ಮತ್ತೆ ಮೇಯತೊಡಗಿದವು.

ಅಪ್ಪ ಕಪ್ಪಾದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ದಿನ ತುಂಬಿದ ಕುರಿಯೊಂದನ್ನು ಹಿಡಿದು, ನನ್ನ ಅಂಗೈಯನ್ನು ಅದರ ಬೆಚ್ಚನೆಯ ಹೊಟ್ಟೆಗೆ ಒತ್ತಿದ.

"ಸುಮ್ನ ನಿಂದ್ರು," ಎಂದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮರಿ ಒದೆಯಿತು.