ಗಂಗಾಧರಯ್ಯ ಮೇಷ್ಟ್ರ ಮಾತು ಅಡುಗೆಮನೆಗೆ ತಲುಪಿದ್ದು

ಇದನ್ನು ಓದಿದರೆ ಮನಸ್ಸು ಹಗುರಾಗುತ್ತದೆ ಎಂದು ನಾನು ಸುಳ್ಳು ಹೇಳಲಾರೆ... ಆದರೂ ಓದಿ.

ತಿಪಟೂರಿನ ಡ್ರಿಲ್ ಮೇಷ್ಟ್ರು ಗಂಗಾಧರಯ್ಯ. ಒಮ್ಮೆ ಗದರಿದರೆ ಮೈದಾನದ ಆಚೆ ತುದಿಯ ಮಕ್ಕಳೂ ನೆಟ್ಟಗೆ ನಿಲ್ಲುತ್ತಿದ್ದರು.

ಅಂಥವರಿಗೆ ನರದ ಕಾಯಿಲೆ ಬಂತು... ಕೈಕಾಲು ಬಿತ್ತು, ಮಾತು ನಿಂತಿತು. ಕಣ್ಣು ಮಾತ್ರ ಆಡುತ್ತಿತ್ತು.

ಮಗಳು ರೂಪಕಲಾ ಕಂಪ್ಯೂಟರ್ ಓದಿದವಳು. "ಅಪ್ಪನ ಕೈಲಿ ಮಾತಾಡಿಸೇ ತೀರ್ತೀನಿ" ಎಂದು ಹಟ ಹಿಡಿದಳು.

ಮಂಚದ ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಒಂದು ಪೈಥಾನ್ ಪ್ರೋಗ್ರಾಂ... ಅಪ್ಪ ಪರದೆಯಲ್ಲಿನ ಯಾವ ಪದದ ಮೇಲೆ ಕಣ್ಣಿಟ್ಟರೋ ಅದನ್ನು ಹಿಡಿದು ಅಡುಗೆಮನೆಗೆ ಕಳಿಸುತ್ತದೆ.

ಅಡುಗೆಮನೆಯ ಹಳೇ ಕಂಪ್ಯೂಟರ್‌ನಲ್ಲಿ ಜಾವಾ ಪ್ರೋಗ್ರಾಂ... ಬಂದದ್ದನ್ನು ಗಟ್ಟಿಯಾಗಿ ಓದುತ್ತದೆ. ಬೇರೆ ಬೇರೆ ಭಾಷೆಯ ಈ ಎರಡರ ನಡುವೆ ವೈಫೈ ಮೇಲೊಂದು ಸಾಕೆಟ್, ಟೆಲಿಫೋನ್ ಲೈನ್ ಇದ್ದ ಹಾಗೆ.

ಅವಳೇ "ಕಾಫಿ" ಎಂದು ಟೈಪ್ ಮಾಡಿ ಟೆಸ್ಟ್ ಮಾಡಿದಳು. ಒಳಗಿನಿಂದ "ಕಾಫಿ" ಎಂದು ಕೇಳಿಸಿತು! ಅಮ್ಮ ಗಿರಿಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆದರೆ ಮೇಷ್ಟ್ರು ಕಣ್ಣಾಡಿಸಿದರೆ... ಅಡುಗೆಮನೆಯಲ್ಲಿ ಸದ್ದೇ ಇಲ್ಲ.

ಕೊನೆಗೆ ಕಣ್ಣೂ ಸೋಲುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಎಲ್ಲರೂ ಅದನ್ನೇ ನಂಬಿದರು.

"ಮಗಳು ಇಷ್ಟು ಒದ್ದಾಡಿ ಮಾಡಿದಾಳೆ, ಒಂದು ಮಾತಾದ್ರೂ ಆಡ್ಬಾರ್ದಾ ರೀ?" ಎಂದು ಗಿರಿಜಮ್ಮ ಗಂಡನ ಮೇಲೆ ಮುನಿಸಿಕೊಂಡರು ಕೂಡ.

ಒಂದು ಬೆಳಗ್ಗೆ ಮೇಷ್ಟ್ರು ಹೋಗಿಬಿಟ್ಟರು...

ಮಣ್ಣು ಮಾಡಿ ಬಂದ ಮೇಲೆ ರೂಪಕಲಾಗೆ ಲ್ಯಾಪ್‌ಟಾಪ್ ಇನ್ನೂ ಆನ್ ಇರುವುದು ಕಂಡಿತು. ಪೈಥಾನ್ ಪ್ರೋಗ್ರಾಂ ಕ್ಲೋಸ್ ಮಾಡಿದಳು. ಲೈನ್ ಕಟ್ ಆಯಿತು.

ಆಗ ಅಡುಗೆಮನೆಯ ಕಂಪ್ಯೂಟರ್ ಮಾತಾಡತೊಡಗಿತು...

"ನೀರು... ನೀರು... ನೋವು... ಗಿರಿಜಾ, ಬಾ... ನೀರು... ಗಿರಿಜಾ, ಬಾ..."

ರೂಪಕಲಾ ಪ್ರೋಗ್ರಾಂ ತೆರೆದು ನೋಡಿದಳು. ಟೆಸ್ಟ್ ಮಾಡುವಾಗ ಅವಳು ಅಭ್ಯಾಸಬಲದಿಂದ ಪ್ರತಿ ಸಲ ಎಂಟರ್ ಒತ್ತಿದ್ದಳು. ಎಂಟರ್ ಬಂದರೆ, ಇಲ್ಲವೇ ಲೈನ್ ಕಟ್ ಆದರೆ ಮಾತ್ರ ಆ ಕಡೆಯ ಪ್ರೋಗ್ರಾಂಗೆ ಮಾತು ಮುಗಿಯಿತೆಂದು ಗೊತ್ತಾಗುವುದು. ಅಪ್ಪನ ಕಣ್ಣಿಗೆ ಎಂಟರ್ ಎಲ್ಲಿಂದ ಬರಬೇಕು? ಮಾತೆಲ್ಲಾ ತಲುಪಿತ್ತು... ಓದಿಸಿಕೊಳ್ಳದೆ ಕಾಯುತ್ತಾ ಕೂತಿತ್ತು.

ಅಷ್ಟರಲ್ಲಿ ಗಿರಿಜಮ್ಮ ಚೊಂಬಿನ ತುಂಬ ನೀರು ಹಿಡಿದು ಓಡಿ ಬಂದರು.

"ಬಂದೆ ರೀ... ನೀರು ತಂದೆ..."

ಮಂಚದ ಮೇಲೆ ಹಾಸಿಗೆಯೂ ಇರಲಿಲ್ಲ.

ನಮಗೆ ಕೇಳಿಸಲಿಲ್ಲ ಎಂದ ಮಾತ್ರಕ್ಕೆ ಅವರು ಕರೆಯಲಿಲ್ಲ ಎಂದಲ್ಲ.

ನಿಮ್ಮ ಮನೆಯಲ್ಲಿ ಸುಮ್ಮನೆ ಮಲಗಿದ್ದಾರೆ ಎಂದುಕೊಂಡವರ ಪಕ್ಕ ಇವತ್ತು ಒಂದು ಗಳಿಗೆ ಕೂತಿರಾ?