ಮೇಷ್ಟ್ರ ಬಾಟಲಿ

"ಬಣ್ಣಕ್ಕೆ ನೀರು ಬೆರೆಸಿದೀಯಲ್ಲೋ, ಇದೇನು ಸುಣ್ಣ ಬಳಿಯೋ ಗೋಡೆನಾ? ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನ ಕೈಗೆ ಬ್ರಶ್ ಕೊಟ್ರೆ ಇಷ್ಟೇ."

ಮಾದರಿ ಹಡಗುಗಳನ್ನು ಮಾಡುವ ಆ ಕೋಣೆಯಲ್ಲಿ ಮೇಷ್ಟ್ರ ಮಾತಿಗೆ ಎಲ್ಲರೂ ನಕ್ಕರು. ಬೈಸಿಕೊಂಡ ಹುಡುಗನ ಮುಂದಿದ್ದ ಪುಟ್ಟ ಪ್ಲಾಸ್ಟಿಕ್ ಹಡಗಿನ ಮೇಲೆ ಬಣ್ಣ ಹನಿಹನಿಯಾಗಿ ನಿಂತಿತ್ತು. ಅವನ ಮೈ ಉರಿಯಿತು.

"ಆಲ್ಕೋಹಾಲ್ ಬೆರೆಸಬೇಕು, ಬೇಗ ಒಣಗುತ್ತೆ. ಕಾರಿನ ಬಣ್ಣಕ್ಕೆ ಹಾಕೋ ಥಿನ್ನರ್ ಬೆರೆಸಿದ್ರೆ ಪ್ಲಾಸ್ಟಿಕ್ಕೇ ಕರಗಿಹೋಗುತ್ತೆ. ತಲೆಗೆ ಹೋಯ್ತಾ?" ಎಂದರು ಮೇಷ್ಟ್ರು.

ಹೋಗಿತ್ತು. ಎಲ್ಲರೂ ಊಟಕ್ಕೆ ಎದ್ದಾಗ ಅವನು ಮೇಷ್ಟ್ರ ಬಾಟಲಿಯಲ್ಲಿದ್ದ ಆಲ್ಕೋಹಾಲನ್ನು ಮೋರಿಗೆ ಚೆಲ್ಲಿ, ಮೂಲೆಯ ಡಬ್ಬಿಯಲ್ಲಿದ್ದ ಕಾರಿನ ಥಿನ್ನರ್ ತುಂಬಿಸಿಟ್ಟ. ಸ್ಪರ್ಧೆಗೆಂದು ಮೇಷ್ಟ್ರು ತಿಂಗಳುಗಟ್ಟಲೆ ಕೂತು ಜೋಡಿಸಿದ ದೊಡ್ಡ ಹಡಗಿಗೆ ಇವತ್ತೇ ಬಣ್ಣ ಹೊಡೆಯುವುದಿತ್ತು.

ಊಟ ಮುಗಿಸಿ ಬಂದ ಮೇಷ್ಟ್ರು ಆ ಹಡಗನ್ನು ಎಲ್ಲರೆದುರು ಅವನ ಮುಂದೆ ಇಟ್ಟರು.

"ನನ್ನ ಕೈ ನಡುಗುತ್ತೆ ಕಣೋ. ಇಲ್ಲಿ ನೆಟ್ಟಗೆ ನಿಲ್ಲೋ ಕೈ ನಿಂದೊಂದೇ. ಬಣ್ಣ ನೀನೇ ಹೊಡಿ. ಸ್ಪರ್ಧೆಗೆ ನಿನ್ನ ಹೆಸರೇ ಕೊಟ್ಟಿದೀನಿ."

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಬಾಟಲಿಯನ್ನು ತಂದು ಅವನ ಕೈಗಿತ್ತರು.

"ಹೂಂ, ಬೆರೆಸು."

ಅವನು ಬಾಟಲಿಯನ್ನು ಎದೆಗವಚಿಕೊಂಡು ಬಾಗಿಲು ದಾಟಿ ನಡೆದುಬಿಟ್ಟ.